ನೂಲಿನ ಮರೆಯ ಓದು

ನೆಕ್ರಾಜೆಯ ಆ ಮನೆಯಲ್ಲಿ ಕ್ರೋಶಾ ಇಲ್ಲದ ಜಾಗವನ್ನು ಹುಡುಕಬೇಕು. ಟಿವಿ ಪೆಟ್ಟಿಗೆಯಂತಿದ್ದ ಕಾಲದಲ್ಲಿ ಅದಕ್ಕೆಂದು ಹೆಣೆದ ಬಿಳಿ ಹೊದಿಕೆ, ಟಿವಿ ಗೋಡೆಗೇರಿದ ಮೇಲೆ ಮಿಕ್ಸಿಯ ಪಾಲಾಗಿದೆ. ಲ್ಯಾಂಡ್‌ಲೈನ್ ಫೋನಿನ ಅಡಿಯಲ್ಲಿದ್ದ ಚಕ್ರ ಈಗ ಮೋಡೆಮ್ಮಿನ ಅಡಿಯಲ್ಲಿದೆ. ದೇವರ ಕೋಣೆಯ ಬಾಗಿಲಿಗೆ ತೋರಣ, ಬೆತ್ತದ ಕುರ್ಚಿಯ ಬೆನ್ನಿಗೊಂದು ಹಾಸು, ನೀರಿನ ಹೂಜಿಗೆ ಅಂಚಿನಲ್ಲಿ ಮಣಿ ಪೋಣಿಸಿದ ಮುಚ್ಚಳ. ಇವೆಲ್ಲ ಕರಾವಳಿಯ ಹಳೆಯ ಮನೆಗಳಲ್ಲಿ ಕಾಣುವಂಥವೇ. ಬೇರೆಡೆ ಕಾಣದೆ ಇರುವುದು ಚಾವಡಿಯ ಮರದ ಕಪಾಟಿನಲ್ಲಿದೆ. ಕ್ಯಾಲೆಂಡರಿನ ದಪ್ಪ ಹಾಳೆಯ ರಟ್ಟು, ಗೋಣಿದಾರದ ಹೊಲಿಗೆ, ಬೆನ್ನ ಮೇಲೆ ಶಾಯಿಯಲ್ಲಿ ಬರೆದ ಹೆಸರು. ಸಾಲಾಗಿ ನಿಲ್ಲಿಸಿಟ್ಟ ಈ ಪುಸ್ತಕಗಳು ಯಾವ ಪ್ರಕಾಶಕರ ಪಟ್ಟಿಯಲ್ಲೂ ಸಿಗುವುದಿಲ್ಲ.

ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ, ಚೆರ್ಕಳದಿಂದ ಬದಿಯಡ್ಕದ ಕಡೆಗೆ ಹೋಗುವ ರಸ್ತೆಯಲ್ಲಿ ಎಡನೀರು ದಾಟಿದರೆ ನೆಕ್ರಾಜೆಯ ಸೀಮೆ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಬದಲಾಯಿಸಲಾಗದು ಎಂಬ 1973ರ ತೀರ್ಪಿಗೆ ಕಾರಣರಾದ ಕೇಶವಾನಂದ ಭಾರತೀ ಸ್ವಾಮೀಜಿಯವರಿದ್ದ ಮಠದ ಎಡನೀರು ಅದು. ಒಳದಾರಿ ಹಿಡಿದರೆ ಗುಡ್ಡದ ನೆತ್ತಿಯಲ್ಲಿ ಗೇರು, ಇಳಿಜಾರಿನಲ್ಲಿ ರಬ್ಬರು, ಬೈಲಿನಲ್ಲಿ ಅಡಕೆ. ಮನೆಯೊಳಗೆ ಹವ್ಯಕ ಭಾಷೆ, ಅಂಗಳದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ. ಇಷ್ಟು ಭಾಷೆಗಳ ನಡುವೆ ದಿನ ದೂಡುವುದು ಇಲ್ಲಿಯವರಿಗೆ ದೊಡ್ಡ ಸಂಗತಿಯೇನಲ್ಲ. ಹೊರಗಿನಿಂದ ಬಂದವರಿಗಷ್ಟೇ ಬೆರಗು.

ಊರಿಗೆಲ್ಲ ಅವರು ದೊಡ್ಡಮ್ಮ. ಎಪ್ಪತ್ತು ದಾಟಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಗಾಗಿ ಇಲ್ಲಿಯೂ ದೊಡ್ಡಮ್ಮನೇ. ಮದುವೆಯಾಗಿ ಈ ಮನೆಗೆ ಬಂದಾಗ ಒಟ್ಟು ಕುಟುಂಬ, ದಿನವೂ ತೋಟದ ಆಳುಗಳಿಗೆ ಊಟ. ಮಧ್ಯಾಹ್ನದ ಎಂಜಲು ಬಳಿದು ಸಂಜೆಯ ಚಾಯಕ್ಕೆ ನೀರಿಡುವವರೆಗೆ ಸಿಗುವ ಒಂದೂವರೆ ಗಂಟೆಯಷ್ಟೇ ಅವರದು. ಆ ಹೊತ್ತಿನಲ್ಲಿ ಕೈ ಖಾಲಿ ಇಟ್ಟುಕೊಂಡು ಕೂರುವಂತಿಲ್ಲ, ಪುಸ್ತಕ ಹಿಡಿದು ಕೂರುವುದಂತೂ ಇನ್ನೂ ಕಷ್ಟ.

“ಕೈಲಿ ನೂಲಿದ್ದರೆ ಆರೂ ಎಂತದೂ ಕೇಳ್ತವಿಲ್ಲೆ. ಪುಸ್ತಕ ಇದ್ದರೆ, ಕೆಲಸ ಎಲ್ಲ ಆತೋ ಹೇಳಿ ಕೇಳ್ತವು” ಎಂದು ನಗುತ್ತಾರೆ ದೊಡ್ಡಮ್ಮ.

ಉಪಾಯ ಅಲ್ಲೇ ಹುಟ್ಟಿತು. ಮಡಿಲಲ್ಲಿ ವಾರಪತ್ರಿಕೆ, ಅದರ ಮೇಲೆ ನೂಲುಂಡೆ, ಕೈಯಲ್ಲಿ ಕ್ರೋಶಾ ಕಡ್ಡಿ. ಅತ್ತೆಯವರು ಹಾದುಹೋದರೆ ಕಾಣುವುದು ಸೊಸೆಯ ಕೈಚಳಕ ಮಾತ್ರ. ‘ಕಂಬ’ ಎಂಬ ಒಂದೇ ಹೆಣಿಗೆಯನ್ನು ಸುತ್ತು ಸುತ್ತಿ ಹೆಣೆಯುವ ಸಾದಾ ನಮೂನೆಗೆ ಕಣ್ಣು ಬೇಕಿಲ್ಲ, ಬೆರಳೇ ಎಣಿಸುತ್ತದೆ. ಕಣ್ಣು ಧಾರಾವಾಹಿಯ ಮೇಲೆ. ಹೂವು, ಅನಾನಸು, ನವಿಲಿನ ನಮೂನೆಗಳನ್ನು ಅವರು ಬೇಕೆಂದೇ ಕಲಿಯಲಿಲ್ಲವಂತೆ. ಅವುಗಳಿಗೆ ಲೆಕ್ಕ ಇಡಬೇಕು, ಲೆಕ್ಕ ಇಟ್ಟರೆ ಓದಲಾಗದು. ಈ ಮನೆಯ ಹೊದಿಕೆಗಳೆಲ್ಲ ಯಾಕಿಷ್ಟು ಸಾದಾ ಎಂಬ ಪ್ರಶ್ನೆಗೆ ಇದೇ ಉತ್ತರ. ಕ್ರೋಶಾ ಬಲ್ಲವರ ಕಣ್ಣಿಗೆ ಇದು ಸಾಧಾರಣ ಕೆಲಸವೇ. ನನಗೇನೋ ಒಂದೊಂದು ಹೊದಿಕೆಯೂ ಒಂದೊಂದು ಕಾದಂಬರಿಯ ರಸೀದಿಯಂತೆ ಕಂಡಿತು.

ಕಾದಂಬರಿಗಳು ಬರುತ್ತಿದ್ದದ್ದು ಕಂತಿನಲ್ಲಿ. 1965ರಲ್ಲಿ ಶುರುವಾದ ‘ಸುಧಾ’, 1983ರಲ್ಲಿ ಮಣಿಪಾಲದಿಂದ ಹೊರಟ ‘ತರಂಗ’ ಕರಾವಳಿಯ ಮನೆಗಳಲ್ಲಿ ವಾರಕ್ಕೊಂದು ದಿನವನ್ನೇ ತಮ್ಮದಾಗಿಸಿಕೊಂಡಿದ್ದವು. ಪೇಟೆಗೆ ಹೋದ ಗಂಡಸರು ತಂದರೆ ಉಂಟು, ಮರೆತರೆ ಇಲ್ಲ. ಪತ್ರಿಕೆ ಮೊದಲು ಚಾವಡಿಯಲ್ಲಿ ಕೈಬದಲಾಗಿ, ಆಮೇಲೆ ನೆರೆಮನೆಗೆ ಹೋಗಿ, ಅಲ್ಲಿಂದ ಮೂಲೆ ಮಡಚಿಕೊಂಡು ಅಡುಗೆಮನೆಗೆ ಬರುತ್ತಿತ್ತು. ಅಷ್ಟರಲ್ಲಿ ಮುಂದಿನ ಸಂಚಿಕೆ ಬಂದಿರುತ್ತದೆ. ಹಳತನ್ನು ಯಾರೂ ಕೇಳುವುದಿಲ್ಲ. ದೊಡ್ಡಮ್ಮ ಅದರಿಂದ ಧಾರಾವಾಹಿಯ ಪುಟಗಳನ್ನಷ್ಟೇ ಬಿಡಿಸಿ, ಹಾಸಿಗೆಯಡಿ ಚಪ್ಪಟೆಯಾಗಲು ಇಡುತ್ತಿದ್ದರು. ಧಾರಾವಾಹಿ ಮುಗಿದ ವಾರ ದಬ್ಬಣ ಹೊರಬರುತ್ತಿತ್ತು. ಅಂಚು ಸರಿ ಮಾಡಿ, ಎಡಬದಿಯಲ್ಲಿ ತೂತು ಕೊರೆದು, ಗೋಣಿದಾರ ಎಳೆದು, ಮೈದಾ ಅಂಟಿನಲ್ಲಿ ಕ್ಯಾಲೆಂಡರ್ ಹಾಳೆ ಹಚ್ಚಿ, ಮೇಲೆ ರುಬ್ಬುವ ಗುಂಡು ಹೇರಿ ರಾತ್ರಿಯಿಡೀ ಬಿಟ್ಟರೆ ಬೈಂಡು ಸಿದ್ಧ. ಜಿರಳೆ ಬಾರದಿರಲು ಅಂಟಿಗೆ ಚೂರು ಮೈಲುತುತ್ತು ಸೇರಿಸುತ್ತಿದ್ದರಂತೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕಾಗಿ ತಂದಿಟ್ಟ ಮೈಲುತುತ್ತು ಅಡಕೆ ತೋಟದ ಮನೆಯಲ್ಲಿ ಯಾವತ್ತೂ ಇರುತ್ತದಲ್ಲ!

ಒಂದು ಬೈಂಡನ್ನು ಅವರೇ ಮುಂದಿಟ್ಟರು. ನಡುವೆ ಎರಡು ಕಂತುಗಳ ಬಣ್ಣ ಬೇರೆ, ಹಾಳೆ ಬೇರೆ. ಶಾಲೆಯ ಕೋಪಿ ಪುಸ್ತಕದ ಗೆರೆಹಾಳೆಯಲ್ಲಿ, ನೀಲಿ ಶಾಯಿಯಲ್ಲಿ, ತುಸು ವಾಲಿದ ಅಕ್ಷರ. ಆಟಿ ತಿಂಗಳ ಜಡಿಮಳೆಗೆ ತೋಡು ಉಕ್ಕಿ, ಕಾಲುಸಂಕ ಹೋಗಿ, ಎರಡು ವಾರ ಪತ್ರಿಕೆ ಬರಲಿಲ್ಲ. ಕಂತು ತಪ್ಪಿತು. ತಪ್ಪಿದ ಕಂತುಗಳನ್ನು ದೊಡ್ಡಮ್ಮನೇ ಬರೆದು ಹೊಲಿದುಬಿಟ್ಟಿದ್ದಾರೆ. “ಕಥೆ ನಡುಗೆ ನಿಂಬಲಾಗನ್ನೆ” ಎಂಬುದು ಅವರ ವಿವರಣೆ. ಎಷ್ಟೋ ವರ್ಷದ ಮೇಲೆ ಅಚ್ಚಾದ ಕಾದಂಬರಿ ಕೈಗೆ ಸಿಕ್ಕಾಗ ನೋಡಿದರೆ, ಆ ಎರಡು ವಾರ ಲೇಖಕಿ ನಾಯಕಿಯನ್ನು ನೌಕರಿ ಹುಡುಕಲು ಮೈಸೂರಿಗೆ ಕಳಿಸಿದ್ದರು. ದೊಡ್ಡಮ್ಮ ತವರಿಗೆ ಕಳಿಸಿದ್ದರು. ತಿದ್ದಲಿಲ್ಲವೇ ಎಂದು ಕೇಳಿದೆ. ಆ ಹುಡುಗಿಗೆ ಆಗ ತವರಿಗೆ ಹೋಗುವುದು ಬೇಕಿತ್ತು ಎಂದರು, ಮಾತು ಮುಗಿಸಿದವರಂತೆ.

ಅಚ್ಚಾದ ಕಾದಂಬರಿ ಸಿಕ್ಕಿದ್ದು ವಾಚನಾಲಯದಿಂದ. ಕಾಸರಗೋಡಿನ ಕನ್ನಡಿಗರು ಕೇರಳದ ಬಗ್ಗೆ ಏನೇ ಹೇಳಲಿ, ವಾಚನಾಲಯದ ವಿಷಯದಲ್ಲಿ ಮಾತ್ರ ಆ ರಾಜ್ಯಕ್ಕೆ ಋಣಿಗಳು. ವಾಚನಾಲಯಗಳ ಚರಿತ್ರೆಯನ್ನು ಅಲ್ಲಿಯ ಹಳೆಯ ಪದಾಧಿಕಾರಿಯೊಬ್ಬರು ಚಾಯ ಕುಡಿಯುತ್ತ ಹೇಳಿ ಮುಗಿಸಿದರು, ನಾನೂ ಅಷ್ಟರಲ್ಲೇ ಮುಗಿಸುತ್ತೇನೆ. ಪಿ. ಎನ್. ಪಣಿಕ್ಕರ್ ಎಂಬ ಶಾಲಾಮಾಸ್ತರರು 1945ರಲ್ಲಿ ತಿರುವಾಂಕೂರಿನ 47 ಗ್ರಂಥಾಲಯಗಳನ್ನು ಒಂದುಗೂಡಿಸಿ ಸಂಘ ಕಟ್ಟಿದರು. ರಾಜ್ಯ ಹುಟ್ಟಿದ ಮೇಲೆ ಅದು ಕೇರಳಕ್ಕೆಲ್ಲ ಹಬ್ಬಿತು. ಕಾಸರಗೋಡು ಆಗ ಅವರ ಪಾಲಿಗೆ ಬಡಗಣ ತುದಿ. 1970ರಲ್ಲಿ ಕಾಸರಗೋಡಿಗೂ ತೆಂಕಣ ತುದಿಯ ಪಾರಶ್ಶಾಲೆಗೂ ನಡುವೆ ಓದಿನ ಪ್ರಚಾರಕ್ಕೆಂದೇ ಕಾಲ್ನಡಿಗೆ ಜಾಥಾ ನಡೆಯಿತು. 1989ರಲ್ಲಿ ಕಾನೂನು ಬಂತು. ಕಟ್ಟಡ ತೆರಿಗೆಯ ಪ್ರತಿ ರೂಪಾಯಿಗೆ ಐದು ಪೈಸೆ ಗ್ರಂಥಾಲಯಕ್ಕೆ. ಈಗ ರಾಜ್ಯ ಲೈಬ್ರರಿ ಕೌನ್ಸಿಲ್‌ಗೆ ಸೇರಿದ ಗ್ರಂಥಾಲಯಗಳು ಎಂಟು ಸಾವಿರಕ್ಕೂ ಹೆಚ್ಚು. ಜೂನ್ 19, ಅಂದರೆ ಪಣಿಕ್ಕರ್ ತೀರಿಕೊಂಡ ದಿನ, ಶಾಲೆಗಳಲ್ಲಿ ವಾಚನಾ ದಿನ.

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯವೆಂದರೆ ಸರಕಾರದ ಇಲಾಖೆ. ಇಲ್ಲಿ ಹಾಗಲ್ಲ. ಊರವರೇ ಸದಸ್ಯರು, ಅವರೇ ಆರಿಸಿದ ಸಮಿತಿ. ಸರಕಾರ ದರ್ಜೆ ನೋಡಿ ಅನುದಾನ ಕೊಡುತ್ತದೆ. ಸಮಿತಿ ಚುರುಕಾಗಿದ್ದರೆ ವಾಚನಾಲಯ ಬದುಕುತ್ತದೆ, ಸೋಮಾರಿಯಾದರೆ ಕೇರಂ ಬೋರ್ಡು ಮಾತ್ರ ಉಳಿಯುತ್ತದೆ.

ಗ್ರಂಥಾಲಯದ ಜೊತೆ ಈ ಕರಾವಳಿಗೆ ಇನ್ನೊಂದು ನಂಟೂ ಉಂಟು. ಗ್ರಂಥಾಲಯ ಶಾಸ್ತ್ರದ ಪಿತಾಮಹ ಎನಿಸಿದ ಎಸ್. ಆರ್. ರಂಗನಾಥನ್ ವೃತ್ತಿ ಶುರು ಮಾಡಿದ್ದು 1917ರಲ್ಲಿ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಗಣಿತದ ಅಧ್ಯಾಪಕರಾಗಿ. ಅವರ ಪ್ರಯತ್ನದಿಂದ ಬಂದ 1948ರ ಮದ್ರಾಸ್ ಗ್ರಂಥಾಲಯ ಕಾಯಿದೆ, ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡಿಗೂ ಅನ್ವಯಿಸುತ್ತಿತ್ತು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಓದುಗನ ಹೊತ್ತು ಉಳಿಯಬೇಕು ಎಂಬುದು ಅವರ ಐದು ಸೂತ್ರಗಳಲ್ಲಿ ಎರಡರ ಸಾರ. ಆದರೆ ಓದುಗಿ ಮನೆಯಿಂದ ಹೊರಗೆ ಬರಲಾಗದಿದ್ದರೆ?

ಈ ಪ್ರಶ್ನೆ ಒಬ್ಬ ದೊಡ್ಡಮ್ಮನದಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಮಾಧ್ಯಮದಲ್ಲಿ ಓದಿದ ಲೇಖಕಿ ಸಾರಾ ಅಬೂಬಕ್ಕರ್ ತಮಗೆ ಗ್ರಂಥಾಲಯದ ಸದಸ್ಯತ್ವ ದಕ್ಕಿದ್ದು 1963ರಲ್ಲಿ ಎಂದು ಹೇಳಿಕೊಂಡಿದ್ದರು. ಆಗ ಅವರಿಗೆ 27ರ ಆಸುಪಾಸು. ಓದಿನ ಹಸಿವಿದ್ದ ಹೆಣ್ಣೊಬ್ಬಳು ಒಂದು ಸದಸ್ಯತ್ವದ ಚೀಟಿಗೆ ಅಷ್ಟು ವರ್ಷ ಕಾಯಬೇಕಾಯಿತು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಬರೆದದ್ದು ಆಮೇಲೆ. ಅದೂ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿಯೇ ಬಂತು. ದೊಡ್ಡಮ್ಮನ ಕಪಾಟಿನಲ್ಲಿ ಅದಿಲ್ಲ. ಆ ಪತ್ರಿಕೆ ಈ ಮನೆಗೆ ಬರುತ್ತಿರಲಿಲ್ಲ. ಪುಸ್ತಕವಾದ ಮೇಲೆ ತರಿಸಿ ಓದಿದ್ದಾರೆ. ಚಂದ್ರಗಿರಿ ಹೊಳೆ ಇಲ್ಲಿಂದ ದೂರವೇನಲ್ಲ. ಹೊಳೆಯ ಬದಿಯ ಮನೆಗಳೊಳಗೆ ಅದರಲ್ಲಿ ಬರೆದಂಥ ಬದುಕು ಇದೆಯೆಂದು ಪುಸ್ತಕ ಓದುವವರೆಗೆ ಗೊತ್ತಿರಲಿಲ್ಲ ಎಂದರು.

ಬರಲಾಗದವರ ಮನೆಗೆ ಪುಸ್ತಕವೇ ಹೋಗಲಿ ಎಂದು ಕೇರಳದ ವಾಚನಾಲಯಗಳು ಒಂದು ವ್ಯವಸ್ಥೆ ಮಾಡಿಕೊಂಡಿವೆ. ಹೆಂಗಸೊಬ್ಬರು ಚೀಲ ಹೆಗಲಿಗೇರಿಸಿ ಮನೆಮನೆಗೆ ನಡೆಯುತ್ತಾರೆ; ಹಳತನ್ನು ತೆಗೆದುಕೊಂಡು ಹೊಸತನ್ನು ಕೊಡುತ್ತಾರೆ. ಗೌರವಧನ ಅಲ್ಪ, ನಡಿಗೆ ಜಾಸ್ತಿ. ನೆಕ್ರಾಜೆಯಂಥ ಏರಿಳಿತದ ಊರಿನಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ. ದೊಡ್ಡಮ್ಮನ ವಾರ ಶುರುವಾಗುವುದೂ ಆ ಚೀಲ ಬರುವ ದಿನವೇ. ಬಂದಾಕೆಗೆ ಬೆಲ್ಲ-ನೀರು, ಹಲಸಿನ ಹಪ್ಪಳ, ಅರ್ಧ ಗಂಟೆ ಸುಖದುಃಖ. ಮೊದಲ ಎರಡು ದಿನ ಹೊಸ ಪುಸ್ತಕದ ಮೇಲೆ ಹಸಿದವರ ಹಾಗೆ ಬೀಳುತ್ತಾರೆ. ವಾರದ ನಡುವೆ ನೂಲು ಹೆಚ್ಚು, ಓದು ಕಡಿಮೆ. ಪುಸ್ತಕ ಬೇಗ ಮುಗಿದರೆ ಉಳಿದ ದಿನಗಳನ್ನು ಏನು ಮಾಡುವುದೆಂದು ಕೊನೆಯ ನಾಲ್ಕು ಅಧ್ಯಾಯಗಳನ್ನು ಉಳಿಸಿಟ್ಟುಕೊಳ್ಳುತ್ತಾರೆ. ಈಗ ಮನೆಯಲ್ಲಿ ಕೇಳುವ ಅತ್ತೆ ಇಲ್ಲ, ಆಳುಗಳಿಗೆ ಅಟ್ಟುವುದೂ ಇಲ್ಲ. ಇಷ್ಟೊಂದು ಓದಲು ಪುರುಸೊತ್ತು ಸಿಗುತ್ತದೆಯೇ ಎಂದರೆ, “ಪುರುಸೊತ್ತು ಹೇಳಿರೆ ಬಪ್ಪದಲ್ಲ, ಮಾಡಿಗೊಂಬದು” ಎನ್ನುತ್ತಾರೆ. ಕೈಯಲ್ಲಿ ನೂಲು ಮಾತ್ರ ಇನ್ನೂ ಇದೆ. ಮರೆ ಬೇಕಾಗಿ ಅಲ್ಲ. ಬರಿಗೈಯಲ್ಲಿ ಓದಲು ಈಗ ಬರುವುದೇ ಇಲ್ಲವಂತೆ.

ಹೆಣೆಯುವುದನ್ನು ಹತ್ತಿರದಿಂದ ನೋಡಿದೆ. ನಾಲ್ಕಾರು ಚೈನ್ ಹಾಕಿ ಉಂಗುರ ಮಾಡಿ, ಅದರೊಳಗೆ 12 ಕಂಬ. ಎರಡನೆಯ ಸುತ್ತಿಗೆ 24, ಮೂರನೆಯದಕ್ಕೆ 36. ಸುತ್ತಿಗೆ ಹನ್ನೆರಡರಂತೆ ಏರಿಸಿದರೆ ಚಕ್ರ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಏರಿಸದಿದ್ದರೆ ಟೋಪಿಯಾಗುತ್ತದೆ. ಹೆಚ್ಚು ಏರಿಸಿದರೆ ಅಂಚು ಕೇಸುವಿನ ಎಲೆಯಂತೆ ಅಲೆಅಲೆಯಾಗಿ ಏಳುತ್ತದೆ. ಈ ಕೊನೆಯದನ್ನು ನಮ್ಮ ಹೆಂಗಸರು ಹಾಳಾಯಿತೆಂದು ಬಿಚ್ಚುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಬೇಕೆಂದೇ ಹಾಗೆ ಹೆಣೆದು, ಕಾಗದದಲ್ಲಿ ಮಾಡಿದರೆ ಹರಿದುಹೋಗುತ್ತಿದ್ದ ಒಂದು ಬಗೆಯ ವಕ್ರ ಜ್ಯಾಮಿತಿಯನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟರು. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಹೆಚ್ಚೇನೂ ಆಶ್ಚರ್ಯ ಪಡಲಿಲ್ಲ. ಆಕೆ ಅದನ್ನು ಯಾವ ನೂಲಿನಲ್ಲಿ ಮಾಡಿದ್ದು ಎಂದು ಕೇಳಿದರು.

ಈ ಕಲೆ ಇಲ್ಲಿಗೆ ಬಂದ ದಾರಿ ಕಡಲಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬರಗಾಲದ ಹೊತ್ತಿಗೆ ಎಷ್ಟೋ ಕುಟುಂಬಗಳ ಹೊಟ್ಟೆ ಹೊರೆದ ಕ್ರೋಶಾ, ಕಾನ್ವೆಂಟು ಮತ್ತು ಮಿಶನ್ ಶಾಲೆಗಳ ಹೊಲಿಗೆ ಪಾಠದ ಮೂಲಕ ನಮ್ಮ ಕರಾವಳಿಯ ಮನೆಗಳನ್ನೂ ಹೊಕ್ಕಿತು. ದೊಡ್ಡಮ್ಮ ಕಲಿತದ್ದು ಅಕ್ಕನಿಂದ. ಆ ಅಕ್ಕ ಶಾಲೆಯ ಹೊಲಿಗೆ ಟೀಚರಿಂದ.

ಓದಿನ ಈಗಿನ ತೊಂದರೆಗಳು ಹೊಸವೇನಲ್ಲ. ಚೀಲದಲ್ಲಿ ಬರುವ ಪುಸ್ತಕಗಳಲ್ಲಿ ಮಲಯಾಳದ್ದೇ ಹೆಚ್ಚು. ಕನ್ನಡದ್ದು ಬಂದರೆ ಓದಿದ್ದೇ ಮತ್ತೆ. ದೊಡ್ಡಮ್ಮ ಅರವತ್ತರ ಮೇಲೆ ಮೊಮ್ಮಗನ ಪಾಠಪುಸ್ತಕ ಇಟ್ಟುಕೊಂಡು ಮಲಯಾಳ ಅಕ್ಷರ ಕಲಿತರು, ಪುಸ್ತಕ ಸಾಲದೆ ಹೋದದ್ದಕ್ಕೆ. ಈಗ ನಿಧಾನವಾಗಿ ಓದುತ್ತಾರೆ. ಮಲಯಾಳದ ಕವಿ ಕುಮಾರನ್ ಆಶಾನರನ್ನು ಕನ್ನಡಕ್ಕೆ ತಂದು, ನೂರು ವರ್ಷ ಬಾಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಬದಿಯಡ್ಕ ಪಕ್ಕದಲ್ಲೇ ಇದೆ. ಎರಡು ಭಾಷೆಯ ಓದು ಈ ಮಣ್ಣಿಗೆ ಹೊಸತಲ್ಲ. ಆದರೂ ಕನ್ನಡದ ಓದುಗರಿರುವ ವಾಚನಾಲಯಕ್ಕೆ ವರ್ಷಕ್ಕೊಂದು ಕಟ್ಟು ಹೊಸ ಕನ್ನಡ ಪುಸ್ತಕ ತಲುಪಿಸುವುದು ಎರಡು ರಾಜ್ಯಗಳಿಗೆ ಆಗದ ಕೆಲಸವೇ? ನವೆಂಬರ್ ತಿಂಗಳ ಗಡಿನಾಡು ಭಾಷಣಗಳ ಖರ್ಚಿನಲ್ಲಿ ಅರ್ಧ ಸಾಕು.

ಬೆಂಗಳೂರಿನ ಮೊಮ್ಮಗಳು ಇನ್ಸ್ಟಾಗ್ರಾಂ ನೋಡಿ ಕ್ರೋಶಾ ಚೀಲ ಕೇಳಿದ್ದಾಳೆ, ಅದರ ಹೆಣಿಗೆ ನಡೆಯುತ್ತಿದೆ. ಬೈಂಡುಗಳನ್ನು ಯಾರೂ ಕೇಳಿಲ್ಲ. ಒಂದು ವಾಚನಾಲಯಕ್ಕೆ ಕೊಡಹೋದಾಗ, ಬೆಲೆ ಮತ್ತು ಪ್ರಕಾಶಕರ ಹೆಸರು ಇಲ್ಲದ್ದನ್ನು ರಿಜಿಸ್ಟರಿಗೆ ಏರಿಸುವುದು ಹೇಗೆಂಬ ತಕರಾರು ಬಂತಂತೆ. ಮಗ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಹಾಕೋಣ ಎಂದಿದ್ದಾನೆ. ಆದರೆ ಹೊಲಿಗೆ ಒಳಗಿನ ಅಕ್ಷರಗಳನ್ನೂ ಹಿಡಿದುಕೊಂಡಿದೆ. ದಾರ ಬಿಚ್ಚದೆ ಪುಟ ಪೂರ್ತಿ ತೆರೆಯುವುದಿಲ್ಲ. “ಬಿಚ್ಚುಲಾಗ” ಎಂದಿದ್ದಾರೆ ದೊಡ್ಡಮ್ಮ. ಮಗ ಓಣಂ ರಜೆಗೆ ಬಂದಾಗ ಮತ್ತೆ ಕೇಳಿ ನೋಡುತ್ತಾನಂತೆ.