ಬೀಳಗಿ ಬಿಟ್ಟವರು, ಬನಶಂಕರಿಗೆ ಬಂದವರು

2022ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬ್ರೈಟನ್ ಫುಟ್‌ಬಾಲ್ ಕ್ಲಬ್ಬಿನ ತರಬೇತುದಾರ ಗ್ರಹಾಂ ಪಾಟರ್ ಚೆಲ್ಸಿಗೆ ಹೊರಟುಹೋದರು. ಮರುವರ್ಷ ಅದೇ ಬ್ರೈಟನ್ನಿನ ಆಟಗಾರ ಕೈಸೆಡೊ ಕೂಡ ಚೆಲ್ಸಿ ಸೇರಿದರು. ನಡುಗಾತ್ರದ ತಂಡ ತಿದ್ದಿ ಬೆಳೆಸಬೇಕು, ದೊಡ್ಡದು ಬಂದು ಎತ್ತಿಕೊಂಡು ಹೋಗಬೇಕು! ಬಾಗಲಕೋಟೆ ಸೀಮೆಗೆ ಈ ಆಟ ಹಳೆಯದು. ಇಲ್ಲಿ ಕ್ಲಬ್ಬಿನ ಜಾಗದಲ್ಲಿ ನಾಟಕ ಕಂಪನಿ ಇತ್ತು, ಅಷ್ಟೇ.

ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ ಮರಾಠಿ ‘ಶಾಕುಂತಲ’ ಆಡಿಸಿದರು. ಮರಾಠಿ ಮಂಡಳಿಗಳ ಅಬ್ಬರ ಕಂಡು ಗದಗಿನ ಶಾಂತಕವಿಗಳು ಅದಕ್ಕೂ ಮೊದಲೇ ಕನ್ನಡದ ಮಂಡಳಿ ಕಟ್ಟಿದ್ದರು. ಅಲ್ಲಿಂದ ಊರೂರಿಗೆ ಕಂಪನಿಗಳು ಹುಟ್ಟಿದವು. ಕಂಪನಿ ಬಿಡುವವರೂ ಹುಟ್ಟಿದರು. ಕಿರ್ಲೋಸ್ಕರ್ ಮಂಡಳಿಯ ದೊಡ್ಡ ಆಕರ್ಷಣೆಯಾಗಿದ್ದ ಸ್ತ್ರೀಪಾತ್ರಧಾರಿ ಬಾಲಗಂಧರ್ವರೇ 1913ರಲ್ಲಿ ಹೊರಬಿದ್ದು, ಸಹಕಲಾವಿದರಾದ ಟೇಂಬೆ ಮತ್ತು ಬೋಡಸರ ಜೊತೆ ಗಂಧರ್ವ ನಾಟಕ ಮಂಡಳಿ ಶುರುಮಾಡಿದರು.

ಬೀಳಗಿಯ ಅಕ್ಕತಂಗಿಯರಾದ ಅಮೀರ್‌ಬಾಯಿ ಮತ್ತು ಗೋಹರ್‌ಬಾಯಿ ಬೆಳೆದದ್ದು ಈ ಗಾಳಿಯಲ್ಲೇ. ಗೋಹರ್ 1938ರಲ್ಲಿ ಬಾಲಗಂಧರ್ವರ ಕಂಪನಿ ಸೇರಿದರು. ಹೆಸರೇನೋ ದೊಡ್ಡದು, ಆದರೆ ಕಾಲ ಇಳಿಮುಖದ್ದು: ಮೂಲ ಮಂಡಳಿ ಸಾಲದಲ್ಲಿ ಮುಳುಗಿ 1934ರಲ್ಲೇ ನಿಂತಿತ್ತು, ಬಾಲಗಂಧರ್ವರ ‘ಧರ್ಮಾತ್ಮಾ’ ಸಿನಿಮಾದ ಪ್ರಯೋಗವೂ ಮುಗಿದಿತ್ತು. ಬಾಲಗಂಧರ್ವರಿಗೆ ಆಗ ಐವತ್ತು. ಅವರೇ ಆಡಿ ಮೆರೆಸಿದ ಸ್ತ್ರೀಪಾತ್ರಗಳನ್ನು ಕನ್ನಡನಾಡಿನ ಹೆಣ್ಣುಮಗಳೊಬ್ಬಳು ಆಡುವುದನ್ನು ಮರಾಠಿ ರಸಿಕರಲ್ಲಿ ಅನೇಕರು ಸಹಿಸಲಿಲ್ಲ. ಇಳಿವಯಸ್ಸಿನಲ್ಲಿ ಆ ಮನುಷ್ಯನನ್ನು ನೋಡಿಕೊಂಡವಳು ಆಕೆಯೇ ಅನ್ನುವುದನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ.

ಅಮೀರ್‌ಬಾಯಿ ಇನ್ನೂ ದೊಡ್ಡ ಕಂಪನಿಯನ್ನೇ ಹಿಡಿದರು: ಮುಂಬಯಿ ಸಿನಿಮಾ. 1943ರ ‘ಕಿಸ್ಮತ್’ ಕಲ್ಕತ್ತೆಯ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ಅದರ ಹಾಡುಗಳಲ್ಲಿ ಇವರ ದನಿ ದೇಶವೆಲ್ಲ ಸುತ್ತಿತು. ಗಳಿಸಿದ್ದರಲ್ಲಿ ಒಂದಿಷ್ಟು ಈ ಸೀಮೆಗೆ ವಾಪಸ್ಸೂ ಬಂತು. ವಿಜಯಪುರದ ಅಮೀರ್ ಟಾಕೀಸು ಅವರದೇ. ಊರು ಮರೆತಿದ್ದ ಈ ಬದುಕನ್ನು ಹುಡುಕಿ ಪುಸ್ತಕ ಮಾಡಿದವರು ರಹಮತ್ ತರೀಕೆರೆ.

ಫುಟ್‌ಬಾಲಿನಲ್ಲಿ ಒಂದು ಒಳ್ಳೆಯ ಕಟ್ಟಳೆ ಇದೆ. ಆಟಗಾರ ಒಪ್ಪಂದ ಮುಗಿಯುವ ಮೊದಲೇ ಬೇರೆ ದೇಶದ ಕ್ಲಬ್ಬಿಗೆ ಮಾರಾಟವಾದರೆ, ಬೆಲೆಯ ಶೇ 5ರಷ್ಟನ್ನು ಅವನು 12ರಿಂದ 23ರ ವಯಸ್ಸಿನವರೆಗೆ ಆಡಿದ ಕ್ಲಬ್ಬುಗಳಿಗೆ ಹಂಚಬೇಕು. ನಾಟಕ ಕಂಪನಿಗಳ ಲೋಕದಲ್ಲಿ ಇದ್ದದ್ದು ಮುಂಗಡ ಒಂದೇ. ಅದು ನಟನನ್ನು ಕಟ್ಟಿಹಾಕುತ್ತಿತ್ತೇ ಹೊರತು, ಅವನಿಗೆ ಬಣ್ಣ ಹಚ್ಚುವುದು ಕಲಿಸಿದ ಸಣ್ಣ ಮಾಲೀಕನ ಕೈಗೆ ಏನೂ ಬರುತ್ತಿರಲಿಲ್ಲ.

ನಟರು ಹೋದರೆ ಕಣ್ಣಿಗೆ ಕಾಣುತ್ತದೆ. ನಾಟಕಗಳು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ, ನನ್ನ ಕೇಳಿದರೆ ದೊಡ್ಡ ಸಾಗಣೆ ಅದೇ. ಇಳಕಲ್ಲಿನ ಹತ್ತಿರದ ಕಂದಗಲ್ಲಿನ ಹನುಮಂತರಾಯರು ಬರೆದ ‘ರಕ್ತರಾತ್ರಿ’ ಕಂಪನಿಗಳ ಬಾಗಿಲು ದಾಟಿ ಹಳ್ಳಿಹಳ್ಳಿಯ ಹವ್ಯಾಸಿಗಳ ಪಾಲಾಯಿತು. ಶಕುನಿಯ ಪಾರ್ಟಿಗೆ ಇಂದಿಗೂ ಪೈಪೋಟಿ. ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಯಿತು. ನಾಯಕ ರಾಜ್‌ಕುಮಾರ್, ಅವರೂ ಗುಬ್ಬಿ ಕಂಪನಿಯಿಂದ ಸಿನಿಮಾಕ್ಕೆ ಬಂದವರೇ. ಅದರಲ್ಲಿ ಎಮ್ಮೆಯ ಮೇಲೆ ಕೂತು ಅವರೇ ದನಿಯೆತ್ತಿ ಹಾಡಿದ ಹಾಡು ಅವರನ್ನು ಗಾಯಕರನ್ನಾಗಿ ಗಟ್ಟಿಯಾಗಿ ನೆಲೆನಿಲ್ಲಿಸಿತು. ಅಂದರೆ ಕನ್ನಡದ ಅತಿ ದೊಡ್ಡ ತಾರೆಯ ಎರಡನೇ ವೃತ್ತಿಗೆ ಅಡಿಪಾಯ ಹಾಕಿಕೊಟ್ಟದ್ದು ಹುನಗುಂದದ ಕಡೆಯ ಒಂದು ಕಂಪನಿ ನಾಟಕ.

ಇಂಥ ಎಲ್ಲ ಹೋಗುಬರುವಿಕೆಯ ಸಂತೆ ಅಂತ ಒಂದಿದ್ದರೆ ಅದು ಬಾದಾಮಿಯ ಬನಶಂಕರಿ. ಬನದ ಹುಣ್ಣಿಮೆಯ ತೇರು ಎಳೆದ ಮೇಲೆ ವಾರಗಟ್ಟಲೆ ನಡೆಯುವ ಜಾತ್ರೆಯಲ್ಲಿ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಥೇಟರ್ ಹಾಕುತ್ತವೆ. ರಾತ್ರಿಯಿಡೀ ಒಂದರ ಮೇಲೊಂದು ಆಟ. ಈ ಕಂಪನಿಯ ಹಾಸ್ಯನಟ ಎಷ್ಟು ಜನರನ್ನು ನಗಿಸಿದ ಅನ್ನುವುದು ತಗಡಿನ ಗೋಡೆಯಾಚೆಯ ಮಾಲೀಕನಿಗೆ ಕೂತಲ್ಲೇ ಕೇಳಿಸುತ್ತದೆ. ಆಟಗಾರರನ್ನು ಹುಡುಕಲು ಯುರೋಪಿನ ಕ್ಲಬ್ಬುಗಳು ದೇಶ ದೇಶ ಸುತ್ತುವಾಗ ಇಲ್ಲಿ ಕಿವಿಯಿದ್ದರೆ ಸಾಕು.

ಈಚಿನ ವರ್ಷಗಳಲ್ಲಿ ಗಾಡಿ ತಿರುಗಿ ನಿಂತಿದೆ. ಕಲೆಕ್ಷನ್ ಹೆಚ್ಚಲಿ ಅಂತ ಕಂಪನಿಗಳೇ ಸಿನಿಮಾ, ಟಿ.ವಿ.ಯ ಮುಖಗಳನ್ನು ಜಾತ್ರೆಗೆ ಕರೆಸುತ್ತವೆ. ಪೋಸ್ಟರಿನಲ್ಲಿ ಅತಿಥಿಯದು ದೊಡ್ಡ ಫೋಟೊ. ವರ್ಷಪೂರ್ತಿ ಕಂಪನಿಯ ಜೊತೆ ಊರೂರು ಸುತ್ತುವ ನಟಿಯದು ಮೂಲೆಯಲ್ಲಿ.