ಖಂಡಸ್ಫುಟಿತ ಜೀರ್ಣೋದ್ಧಾರ

ಕನ್ನಡ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ದೇವಾಲಯಕ್ಕಾಗಲಿ ಬಸದಿಗಾಗಲಿ ದತ್ತಿ ಬಿಡುವಾಗ ಪೂಜೆಗೆ, ನಂದಾದೀಪಕ್ಕೆ, ಆಹಾರದಾನಕ್ಕೆ ಎಂದು ಹೇಳಿ, ಅದರೊಡನೆಯೇ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆ ಎಂದು ಸೇರಿಸುತ್ತಿದ್ದರು. ಕಟ್ಟಿದ್ದು ಒಂದು ದಿನ ಬಿರಿಯುತ್ತದೆ ಎಂಬ ಅರಿವು ಕಟ್ಟಿಸಿದವರಿಗೆ ಇತ್ತು. ಆ ದಿನಕ್ಕಾಗಿ ಗದ್ದೆಯೊಂದನ್ನು ತೆಗೆದಿಡುವ ವಿವೇಕವೂ ಇತ್ತು. ತರಗತಿಯಲ್ಲಿ ನಾನು ಬಿಡಿಸಿ ಹೇಳುವ ಈ ಪದ ಈಗ ನಮ್ಮ ಊರಿನ ಇಗರ್ಜಿಯ ಲೆಕ್ಕದ ಪುಸ್ತಕಕ್ಕೂ ಬಂದಿದೆ.

ನಾನು ಮಂಗಳೂರಿನ ಕಡೆಯ ಕೊಂಕಣಿ ಮನೆಮಾತಿನ ಕ್ರೈಸ್ತ. ಅನ್ನ ಕೊಡುತ್ತಿರುವುದು ಕನ್ನಡ. ಒಂದು ಇಗರ್ಜಿಗೆ ಸೇರಿದ ಮನೆಗಳ ಸಮುದಾಯವನ್ನು ನಮ್ಮಲ್ಲಿ ಫಿರ್ಗಜ್ ಎನ್ನುತ್ತಾರೆ. ಮನೆಗಳನ್ನು ವಾಡೊಗಳಾಗಿ ಹಂಚಿ, ಒಂದೊಂದು ವಾಡೊವಿಗೆ ಒಬ್ಬ ಗುರ್ಕಾರನಿರುತ್ತಾನೆ. ನಮ್ಮ ಇಗರ್ಜಿಯ ಗೋಡೆ ಮುರಕಲ್ಲಿನದು, ಮಾಡು ಹಂಚಿನದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮನೆ, ಶಾಲೆ, ಇಗರ್ಜಿಗಳಿಗೆಲ್ಲ ಒಂದೇ ಕೆಂಪು ಬಣ್ಣ ಬಂದಿತಷ್ಟೆ. ಹಂಚು ಬಹುಕಾಲ ಬಾಳುತ್ತದೆ. ಸೋಲುವುದು ಅದನ್ನು ಹೊತ್ತ ಮರ. ನಮ್ಮಲ್ಲಿ ಪಕ್ಕಾಸು ರೀಪುಗಳಿಗೆ ಗೆದ್ದಲು ಹತ್ತಿದೆ. ಸಾಲದುದಕ್ಕೆ, ಹಿಂದೊಮ್ಮೆ ಯಾರೋ, ಒಳ್ಳೆಯ ಮನಸ್ಸಿನಿಂದಲೇ, ಗೋಡೆಯ ಸುಣ್ಣದ ಗಾರೆಯನ್ನು ಕೆತ್ತಿಸಿ ಸಿಮೆಂಟು ಬಳಿಸಿದ್ದಾರೆ. ಮುರಕಲ್ಲು ನೀರು ಕುಡಿಯುವ ಕಲ್ಲು. ಕುಡಿದ ನೀರನ್ನು ಸುಣ್ಣ ಮೆಲ್ಲನೆ ಹೊರಕ್ಕೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ನಮ್ಮ ಗೋಡೆ ಬೇಸಗೆಯಲ್ಲಿಯೂ ಒದ್ದೆ.

ಇದಕ್ಕೆಲ್ಲ ಹಣ ಎಲ್ಲಿಂದ ಬರಬೇಕು? ಅರಸರು ಕೊಡುತ್ತಿದ್ದ ಕಾಲ ಒಂದಿತ್ತು. 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದ್ದು ಕೆಳದಿಯ ರಾಣಿ ಚೆನ್ನಮ್ಮಾಜಿ ಕೊಟ್ಟ ನೆಲದ ಮೇಲೆ. ಮೈಸೂರಿನ ಸಂತ ಫಿಲೋಮಿನಾ ಇಗರ್ಜಿಗೆ 1933ರಲ್ಲಿ ಅಸ್ತಿಭಾರ ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ನಮ್ಮಂಥ ಸಣ್ಣ ಊರಿನ ಇಗರ್ಜಿಗಳನ್ನು ಉಳಿಸಿದ್ದು ಅರಸರಲ್ಲ, ಗದ್ದೆಗಳು. ಒಕ್ಕಲು ತಂದು ಅಳೆದ ಗೇಣಿಯ ಅಕ್ಕಿಯಲ್ಲಿ ಮಾಡಿನ ಕೆಲಸ ನಡೆಯುತ್ತಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯೊಡನೆ ಗೇಣಿಯ ಭೂಮಿ ಉಳುವವನದಾಯಿತು. ಅದು ನ್ಯಾಯವೆಂದೇ ನನ್ನ ಮತ. ಆ ಒಕ್ಕಲುಗಳಲ್ಲಿ ಎಷ್ಟೋ ಮಂದಿ ಇದೇ ಫಿರ್ಗಜಿನವರು; ಅವರ ಮೊಮ್ಮಕ್ಕಳು ಇಂದು ನನ್ನ ಕಾಲೇಜಿನಲ್ಲಿ ಓದುತ್ತಿದ್ದಾರೆ. ಆದರೆ ಹೋದ ಅಕ್ಕಿಯ ಜಾಗಕ್ಕೆ ಬೇರೆ ಏನನ್ನೂ ತಂದಿಡುವ ಯೋಚನೆಯನ್ನು ಯಾರೂ ಮಾಡಲಿಲ್ಲ.

ಸಭೆಯಲ್ಲಿ ಹಲವು ದಾರಿಗಳು ಕಾಣಿಸಿದವು. ಹಬ್ಬದ ದಿನದ ಏಲಂ, ಹೌಸಿ ಹೌಸಿ ಆಟ—ಇವು ಬಣ್ಣ ಬಳಿಯುವುದಕ್ಕೆ ಸಾಕು, ತೊಲೆಗೆ ಸಾಲವು. ಬಡ ಮಕ್ಕಳ ವಿದ್ಯೆಗೆಂದು ಹಿರಿಯರೊಬ್ಬರು ಇಟ್ಟುಹೋದ ನಿಧಿಯನ್ನು ತೆಗೆಯೋಣವೆಂದರು ಕೆಲವರು. 1983ರ ಧರ್ಮಸಂಹಿತೆ ಇದನ್ನು ಒಪ್ಪುವುದಿಲ್ಲ: ಒಂದು ಉದ್ದೇಶಕ್ಕೆಂದು ಭಕ್ತರು ಕೊಟ್ಟದ್ದು ಆ ಉದ್ದೇಶಕ್ಕೇ ಸಲ್ಲಬೇಕು. ನಮ್ಮ ಶಾಸನಕಾರರು ಇನ್ನೂ ಖಾರವಾಗಿದ್ದರು. ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು ಶಪಿಸುತ್ತಿದ್ದರು. ಶಾಪದ ಮಾತು ಹೇಳಿದಾಗ ಎಲ್ಲರೂ ನಕ್ಕರು; ನಿಧಿಯ ಮಾತು ಮತ್ತೆ ಏಳಲಿಲ್ಲ.

ದೊಡ್ಡ ಚರ್ಚೆಯೆದ್ದದ್ದು ಕೆನಡಾದಲ್ಲಿ ನೆಲಸಿದ ಊರವರೊಬ್ಬರ ಪತ್ರದಿಂದ. ಖರ್ಚೆಲ್ಲ ತಮ್ಮದೇ, ಆದರೆ ಹಳೆಯದನ್ನು ಕೆಡವಿ ಕಾಂಕ್ರೀಟಿನ ಹೊಸ ಇಗರ್ಜಿ ಕಟ್ಟಬೇಕೆಂದು ಅವರ ಅಪೇಕ್ಷೆ. ಲೆಕ್ಕ ನೋಡುವವರು ಕಾನೂನನ್ನು ನೆನಪಿಸಿದರು. ಭಾರತದ ಪೌರನಾಗಿಯೇ ದುಬೈಯಲ್ಲಿ ದುಡಿಯುವವನು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶೀ ದೇಣಿಗೆಯಲ್ಲ. ಕೆನಡಾದ ಪೌರನಾದವನು ಕಳಿಸಿದ್ದು, ಅವನ ಜ್ಞಾನಸ್ನಾನ ಇದೇ ಇಗರ್ಜಿಯಲ್ಲಿ ನಡೆದಿದ್ದರೂ, ವಿದೇಶೀ ದೇಣಿಗೆಯೇ. 2010ರ ಕಾಯಿದೆಯಂತೆ ಅದಕ್ಕೆ ನೋಂದಣಿಯೋ ಪೂರ್ವಾನುಮತಿಯೋ ಬೇಕು. 2020ರ ತಿದ್ದುಪಡಿಯ ಅನಂತರ ಅಂಥ ಹಣ ಮೊದಲು ಇಳಿಯಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಖಾತೆಯಲ್ಲಿ. ಈ ತೊಡಕು ಹೇಗೋ ಬಿಡಿಸಬಹುದಾದದ್ದೆಂದೇ ಇಟ್ಟುಕೊಳ್ಳೋಣ. ನನ್ನ ಆಕ್ಷೇಪ ಬೇರೆ. ದಾನಿಗಳ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಣ ಪೂರ್ತಿ ಒಬ್ಬರದಾದಾಗ ನಿರ್ಧಾರವೂ ಒಬ್ಬರದೇ ಆಗುತ್ತದೆ. ಮಾಡು ಸೋರುತ್ತಿರುವುದು ನಮ್ಮ ಕಾಯಿಲೆಯಾದರೆ, ಅವರು ಕಳಿಸುತ್ತಿರುವ ಮದ್ದು ಕಟ್ಟಡದ ಮರಣವೇ.

ಹಾಗಾದರೆ ಮನೆಮನೆಯ ವಂತಿಗೆಯೇ ಉಳಿಯಿತು. ಮೂರು ವರ್ಷ, ತಿಂಗಳು ತಿಂಗಳು, ಶಕ್ತಿಗೆ ತಕ್ಕ ಹಾಗೆ ಎಂದು ನಾನು ಸೂಚಿಸಿದೆ. ಗುರ್ಕಾರರೊಬ್ಬರು ಬಡ ಮನೆಗಳನ್ನು ಪಟ್ಟಿಯಿಂದ ಬಿಡೋಣವೆಂದರು. ಕರುಣೆಯ ಮಾತೇ. ಆಗ ಬೀಡಿ ಕಟ್ಟಿ ಬಾಳುವ ವಿಧವೆಯೊಬ್ಬರು ಎದ್ದು, “ನನ್ನ ಮದುವೆಯೂ ಇವರ ಮರಣದ ಪೂಜೆಯೂ ಇದೇ ಮಾಡಿನ ಅಡಿಯಲ್ಲಿ ಆದದ್ದು, ಫಾದರ್. ತಿಂಗಳಿಗೆ ಐವತ್ತು ರೂಪಾಯಿ ನಾನು ಕೊಡುತ್ತೇನೆ. ನನ್ನ ಹೆಸರು ಮಾತ್ರ ಬಿಡಬೇಡಿ” ಎಂದರು. ಗುರ್ಕಾರರು ತಮ್ಮ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಹಣ ಕೊಡಲಾಗದವರು ಹಂಚು ಇಳಿಸುವ ದಿನ ಆಳಾಗಿ ಬರಬಹುದೆಂದೂ, ಯಾರ ಹೆಸರನ್ನೂ ಗೋಡೆಯಲ್ಲಿ ಕೆತ್ತಿಸಬಾರದೆಂದೂ, ಕೂಡಿದ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಮುಂದಿನ ದುರಸ್ತಿಗೆಂದು ಮುಟ್ಟದೆ ಇಡಬೇಕೆಂದೂ ಗೊತ್ತಾಯಿತು. ಮಳೆಗೆ ಮುಂಚೆ ಮಾಡು. ಗೋಡೆಯ ಸಿಮೆಂಟು ಕೆತ್ತುವುದು ಬರುವ ವರ್ಷ. ಕೆನಡಾದವರೂ ಉಳಿದವರಂತೆ ಒಂದು ಮನೆಯ ಪಾಲು ಕೊಡುವುದಾದರೆ ಕಾನೂನಿನ ದಾರಿ ಹುಡುಕೋಣವೆಂದು ಅವರಿಗೆ ತಿಳಿಸಬೇಕು. ಮನಸ್ಸು ನೋಯದಂತೆ ಆ ಪತ್ರ ಬರೆಯುವ ಕೆಲಸ ಕನ್ನಡ ಮೇಷ್ಟರ ಪಾಲಿಗೆ ಬಂದಿದೆ.