ಗೆಳತಿಯರಿಂದ ಮುಚ್ಚಿಟ್ಟ ಸಕ್ಕರೆ ಕಾಯಿಲೆ

ಹನ್ನೆರಡು ವರ್ಷದ ಹುಡುಗಿಗೆ ಸಕ್ಕರೆ ಕಾಯಿಲೆಯೇ? ಅದು ವಯಸ್ಸಾದವರಿಗೆ, ದಪ್ಪಗಿರುವವರಿಗೆ ಬರುವಂಥದ್ದಲ್ಲವೇ? ವೈದ್ಯರು ಈ ಪ್ರಶ್ನೆಯನ್ನು ಇಂದಿಗೂ ಕೇಳಿಸಿಕೊಳ್ಳುತ್ತಲೇ ಇರುತ್ತಾರೆ. ಇದಕ್ಕೆ ಮಕ್ಕಳಿಗೂ ಅರ್ಥವಾಗುವಂತೆ ಉತ್ತರ ಹೇಳಿದ್ದು ಒಂದು ಕಥೆಪುಸ್ತಕ ಮಾಲೆ. ಅಮೆರಿಕದ ಲೇಖಕಿ ಆನ್ ಎಂ. ಮಾರ್ಟಿನ್ 1986ರಲ್ಲಿ ಆರಂಭಿಸಿದ 'ದಿ ಬೇಬಿ-ಸಿಟ್ಟರ್ಸ್ ಕ್ಲಬ್' 2000ದವರೆಗೆ ನಡೆಯಿತು. ಇದರ 17 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ನೆಟ್‌ಫ್ಲಿಕ್ಸ್‌ನಲ್ಲಿ 2020ರಲ್ಲಿ ಧಾರಾವಾಹಿಯಾಗಿಯೂ ಬಂದಿತು. ನಿಮ್ಮ ಮಗಳು ಇಂಗ್ಲಿಷ್ ಕಥೆಗಳನ್ನು ಓದುವವಳಾದರೆ ಅವಳಿಗೆ ಇದು ಗೊತ್ತಿರಬಹುದು.

ಸ್ಟೋನಿಬ್ರೂಕ್ ಎಂಬ ಕಾಲ್ಪನಿಕ ಊರಿನಲ್ಲಿ ಕೆಲವು ಗೆಳತಿಯರು ಸೇರಿ ನೆರೆಹೊರೆಯ ಮಕ್ಕಳನ್ನು ನೋಡಿಕೊಂಡು ಕೈಖರ್ಚಿಗೆ ಸಂಪಾದಿಸುವ ಕಥೆಗಳಿವು. ಅವರಲ್ಲಿ ಒಬ್ಬಳು ಸ್ಟೇಸಿ. ನ್ಯೂಯಾರ್ಕಿನಿಂದ ಹೊಸದಾಗಿ ಬಂದವಳು. ಗೆಳತಿ ಕ್ಲಾಡಿಯಾ ಕೋಣೆಯಲ್ಲಿ ಬಚ್ಚಿಟ್ಟ ಮಿಠಾಯಿಗಳನ್ನು ಎಲ್ಲರಿಗೂ ಹಂಚಿದರೆ, ಸ್ಟೇಸಿ ಮಾತ್ರ 'ನಾನು ಡಯಟ್‌ನಲ್ಲಿದ್ದೇನೆ' ಎಂದು ಸುಳ್ಳು ಹೇಳುತ್ತಾಳೆ. ಅವಳಿಗಿರುವುದು ಸಕ್ಕರೆ ಕಾಯಿಲೆ.

ಮುಚ್ಚಿಡಲು ಕಾರಣವಿತ್ತು. ಕಾಯಿಲೆ ಏನೆಂದು ಗೊತ್ತಾಗುವ ಮೊದಲು, ನ್ಯೂಯಾರ್ಕಿನ ಆಪ್ತ ಗೆಳತಿಯ ಮನೆಯಲ್ಲಿ ಮಲಗಿದ್ದಾಗ ಅವಳು ಹಾಸಿಗೆಯಲ್ಲಿ ಮೂತ್ರ ಮಾಡಿಕೊಂಡಿದ್ದಳು. ಆ ಗೆಳತಿ ದೂರವಾದಳು.

ಹಾಸಿಗೆ ಒದ್ದೆಯಾಗುವುದೇಕೆ? ರಕ್ತದಲ್ಲಿ ಸಕ್ಕರೆಯ ಮಟ್ಟ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಗಳು ಅದನ್ನು ತಡೆಹಿಡಿಯಲಾರವು. ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮೇಲಿಂದ ಮೇಲೆ ಮೂತ್ರ, ತೀರದ ಬಾಯಾರಿಕೆ. ತಿಂದದ್ದು ಮೈಗೆ ಹತ್ತುವುದಿಲ್ಲ, ತೂಕ ಇಳಿಯುತ್ತದೆ. ತಂದೆತಾಯಿಗಳು ಇದನ್ನು 'ಬೇಸಿಗೆ, ಅದಕ್ಕೇ ನೀರು ಕುಡಿಯುತ್ತಾಳೆ', 'ಎತ್ತರ ಬೆಳೆಯುತ್ತಿದ್ದಾಳೆ, ಅದಕ್ಕೇ ಸೊರಗಿದ್ದಾಳೆ' ಎಂದುಕೊಂಡು ವಾರಗಟ್ಟಲೆ ಕಳೆಯುವುದುಂಟು. ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ ಬೈಯಬೇಡಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ ಒಂದು ನಿಮಿಷದ ಕೆಲಸ. ತಡವಾದರೆ ರಕ್ತ ಆಮ್ಲೀಯವಾಗಿ ವಾಂತಿ, ಹೊಟ್ಟೆನೋವು, ದೀರ್ಘವಾದ ಏದುಸಿರು, ಕೊನೆಗೆ ಪ್ರಜ್ಞೆ ತಪ್ಪುವುದು. ಇದನ್ನು ಅಜೀರ್ಣವೆಂದು ತಿಳಿದು ಮನೆಮದ್ದು ಮಾಡುತ್ತಾ ಕುಳಿತರೆ ಪ್ರಾಣಕ್ಕೇ ಅಪಾಯ.

ಇದು ಒಂದನೇ ಬಗೆಯ ಮಧುಮೇಹ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಾಯಿಯ ತಪ್ಪಿನಿಂದ ಬಂದದ್ದಲ್ಲ, ಪಕ್ಕ ಕುಳಿತ ಗೆಳತಿಗೆ ಅಂಟುವುದೂ ಇಲ್ಲ.

ಮಾಲೆಯ ಮೂರನೆಯ ಪುಸ್ತಕದಲ್ಲಿ ನಮ್ಮ ಮನೆಗಳಲ್ಲೂ ನಡೆಯುವ ಸಂಗತಿಯೊಂದಿದೆ. ಸ್ಟೇಸಿಯ ತಂದೆತಾಯಿಗಳು ಅವಳನ್ನು ಒಬ್ಬ ವೈದ್ಯನಿಂದ ಇನ್ನೊಬ್ಬನ ಬಳಿಗೆ ಎಳೆದೊಯ್ಯುತ್ತಾರೆ. ಕೊನೆಗೆ ಪವಾಡದ ಚಿಕಿತ್ಸೆಯ ಆಸೆ ತೋರಿಸುವವನ ಬಳಿಗೂ. ಆ ಹುಡುಗಿ ಪರಿಚಯದ ವೈದ್ಯೆಯ ನೆರವಿನಿಂದ ಅದನ್ನು ತಡೆಯುತ್ತಾಳೆ. ತಂದೆತಾಯಿಗಳು ಕೆಟ್ಟವರಲ್ಲ. ದಿನಕ್ಕೆ ಹಲವು ಸಲ ಮಗಳಿಗೆ ಸೂಜಿ ಚುಚ್ಚುವುದನ್ನು ಯಾರು ತಾನೇ ಸಹಿಸಿಯಾರು?

ಆದರೆ ಇಲ್ಲೊಂದು ಮೋಸದ ತಿರುವಿದೆ, ಗಮನಿಸಿ. ಇನ್ಸುಲಿನ್ ಶುರುವಾದ ಕೆಲವು ವಾರಗಳಲ್ಲಿ ಅನೇಕ ಮಕ್ಕಳಿಗೆ ಅದರ ಅಗತ್ಯ ತಾನಾಗಿಯೇ ಕಡಿಮೆಯಾಗುತ್ತದೆ. ಉಳಿದಿರುವ ಜೀವಕೋಶಗಳು ಸ್ವಲ್ಪ ಚೇತರಿಸಿಕೊಳ್ಳುವುದೇ ಇದಕ್ಕೆ ಕಾರಣ. ಕೆಲವು ತಿಂಗಳ ನಂತರ ಅಗತ್ಯ ಮತ್ತೆ ಏರುವುದು ಖಂಡಿತ. ಈ ಬಿಡುವಿನಲ್ಲೇ ಯಾರೋ ಹೇಳಿದ ಪುಡಿಯೋ ಕಷಾಯವೋ ಮನೆಗೆ ಬಂದರೆ ಕೀರ್ತಿಯೆಲ್ಲ ಅದಕ್ಕೇ ಸಲ್ಲುತ್ತದೆ, ಇನ್ಸುಲಿನ್ ನಿಂತುಹೋಗುತ್ತದೆ. ನಿಲ್ಲಿಸಿದ ಮಗು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರಲು ಹೆಚ್ಚು ದಿನ ಬೇಕಾಗುವುದಿಲ್ಲ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟಿದ್ದು 14 ವರ್ಷದ ಹುಡುಗನಿಗೆ. ಅದಕ್ಕೆ ಮೊದಲು ಈ ಕಾಯಿಲೆಯ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

1991ರ ಇನ್ನೊಂದು ಪುಸ್ತಕದಲ್ಲಿ ಸ್ಟೇಸಿ ಕದ್ದು ಚಾಕೊಲೇಟ್ ತಿಂದು, ಮನಸ್ಸಿನ ಒತ್ತಡವೂ ಸೇರಿ, ಆಸ್ಪತ್ರೆ ಸೇರುತ್ತಾಳೆ. ಹುಡುಗಿಯರು ದೊಡ್ಡವರಾಗುವ ಕಾಲದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ಆದ್ದರಿಂದ ಸಕ್ಕರೆ ಏರಿದೊಡನೆ 'ಏನು ಕದ್ದು ತಿಂದೆ?' ಎಂದು ಗದರುವುದು ಅನ್ಯಾಯ. ಸಿಹಿಯನ್ನು ಕಣ್ಣೆತ್ತಿಯೂ ನೋಡಬಾರದು ಎಂಬ ಆ ಪುಸ್ತಕಗಳ ಕಾಲದ ಕಟ್ಟುಪಾಡು ಈಗ ಸಡಿಲವಾಗಿದೆ. ಊಟದಲ್ಲಿನ ಪಿಷ್ಟ, ಸಕ್ಕರೆಯ ಲೆಕ್ಕ ಹಾಕಿ ಅದಕ್ಕೆ ತಕ್ಕ ಇನ್ಸುಲಿನ್ ತೆಗೆದುಕೊಳ್ಳುವುದನ್ನು ಈಗ ಕಲಿಸಲಾಗುತ್ತದೆ. ಹಬ್ಬದ ದಿನ ಒಂದು ಹೋಳಿಗೆಗೂ ಇದರಲ್ಲಿ ಜಾಗವಿದೆ. ಬಚ್ಚಿಟ್ಟು ತಿಂದದ್ದಕ್ಕೆ ಮಾತ್ರ ಲೆಕ್ಕವಿರುವುದಿಲ್ಲ.

'ಯಾರಿಗೂ ಹೇಳಬೇಡಿ ಡಾಕ್ಟರೇ, ನಾಳೆ ಮದುವೆಯಾಗಬೇಕಾದ ಹುಡುಗಿ' ಎನ್ನುವ ತಾಯಂದಿರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಆದರೆ ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡ ಹೆಣ್ಣುಮಕ್ಕಳು ಮದುವೆಯಾಗಿ, ವೈದ್ಯರ ನಿಗಾದಲ್ಲಿ ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಊರಿಗೆಲ್ಲ ಸಾರಬೇಕಿಲ್ಲ. ತರಗತಿಯ ಶಿಕ್ಷಕಿಗೂ ಇಬ್ಬರು ಮೂವರು ಗೆಳತಿಯರಿಗೂ ಹೇಳಲೇಬೇಕು. ಸ್ಟೇಸಿ ಕೊನೆಗೆ ಹೇಳಿದಾಗ ಹೊಸ ಗೆಳತಿಯರು ಅವಳನ್ನು ಬಿಟ್ಟುಹೋಗಲಿಲ್ಲ.

ಗೆಳತಿಯರಿಗೆ ತಿಳಿದಿರಬೇಕಾದದ್ದು ಮುಖ್ಯವಾಗಿ ಸಕ್ಕರೆ ಇಳಿದಾಗಿನ ಲಕ್ಷಣ. ಊಟ ತಡವಾದರೆ ಅಥವಾ ಆಟ ಹೆಚ್ಚಾದರೆ ಬೆವರು, ಕೈನಡುಕ, ಮಂಕು, ಕಾರಣವಿಲ್ಲದ ಸಿಟ್ಟು ಕಾಣಿಸಬಹುದು. ಆಗ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷೆ. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಪ್ರಜ್ಞೆ ತಪ್ಪಿದವಳ ಬಾಯಿಗೆ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋದೀತು. ಮಗ್ಗುಲಾಗಿ ಮಲಗಿಸಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಸಿ.ಬಿ.ಎಸ್.ಇ. ಮಂಡಳಿ 2017ರಲ್ಲಿ ಇಂಥ ವಿದ್ಯಾರ್ಥಿಗಳು ಬೋರ್ಡ್ ಪರೀಕ್ಷೆಯ ಕೊಠಡಿಗೆ ಗ್ಲುಕೋಸ್ ಮಾತ್ರೆ, ಹಣ್ಣು, ತಿಂಡಿ ಕೊಂಡೊಯ್ಯಲು ಅನುಮತಿ ನೀಡಿತು. ನಿಮ್ಮ ಮಗಳ ಶಾಲೆ ಯಾವುದೇ ಇರಲಿ, ವೈದ್ಯರ ಪತ್ರದೊಂದಿಗೆ ಮುಖ್ಯೋಪಾಧ್ಯಾಯರನ್ನು ಪರೀಕ್ಷೆಗೆ ಸಾಕಷ್ಟು ಮೊದಲೇ ಕಂಡು ಮಾತನಾಡಿ. ಗ್ಲುಕೋಸ್ ಪುಡಿಯ ಒಂದು ಪೊಟ್ಟಣ ಅವಳ ಚೀಲದಲ್ಲಿರಲಿ, ಇನ್ನೊಂದು ಗೆಳತಿಯ ಚೀಲದಲ್ಲಿರಲಿ.